ಪುಸ್ತಕದ ಫ್ಲೈ ಪಿಕಿಂಗ್

ಕಣದಲ್ಲಿ ಹರಡಿದ ಕಾಫಿ ಹಣ್ಣು ಒಣಗತೊಡಗಿದಾಗ ಒಂದು ಹುಳಿ ವಾಸನೆ ಏಳುತ್ತದೆ. ಈಗಲೂ ಕಿಟಕಿಯಿಂದ ಅದೇ ಬರುತ್ತಿದೆ. ನನ್ನ ಮುಂದೆ ಬಿ.ಎ. ಎರಡನೇ ವರ್ಷದ ಇತಿಹಾಸದ ಪುಸ್ತಕವಿದೆ. ಇವೆರಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನನಗೂ ಗೊತ್ತಿರಲಿಲ್ಲ; ತೋರಿಸಿಕೊಟ್ಟದ್ದು ನಮ್ಮ ತೋಟದಲ್ಲಿ ಕಾಫಿ ಕುಯ್ಯುವ ಲಕ್ಷ್ಮಕ್ಕ.

ನಾನು ಶನಿವಾರಸಂತೆ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಕುಯ್ಲಿನ ಮೇಲ್ವಿಚಾರಣೆ ನನ್ನ ಕೆಲಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಮೀಸೆ ನರೆತ ಮೇಲೆ ಹೊರಗಿನಿಂದ ಪರೀಕ್ಷೆ ಕಟ್ಟುತ್ತಾ ದೂರಶಿಕ್ಷಣದ ಬಿ.ಎ.ವರೆಗೆ ಬಂದೆ. ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಯೂಬಿಟ್ಟೆ. ಮೊದಲ ವರ್ಷ ಇತಿಹಾಸದಲ್ಲಿ ಫೇಲಾದೆ. ಸೋಮಾರಿತನದಿಂದಲ್ಲ, ಅದೇ ಹೊಟ್ಟೆ ಉರಿಸಿದ್ದು. ಪುಸ್ತಕದ ಉದ್ದಕ್ಕೂ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಉರು ಹೊಡೆದಿದ್ದೆ. ಪ್ರಶ್ನೆ ಕೇಳಿದ್ದೊಂದು, ನಾನು ತಲೆಯಲ್ಲಿದ್ದದ್ದನ್ನೆಲ್ಲ ಸುರಿದು ಬಂದೆ. ಇನ್ನೊಮ್ಮೆ ಫೇಲಾದರೆ ಓದು ಅಲ್ಲಿಗೇ ಮುಗಿಯಿತು ಎನಿಸಿತ್ತು.

ಆ ವರ್ಷದ ಕುಯ್ಲು ಶುರುವಾದ ದಿನ, ಊಟದ ಹೊತ್ತಿಗೆ ಅದೇ ಪುಸ್ತಕ ತೊಡೆಯ ಮೇಲಿತ್ತು. ಬೆಳಿಗ್ಗೆಯಷ್ಟೇ ಲಕ್ಷ್ಮಕ್ಕನ ಚೀಲದಲ್ಲಿ ಹಸಿರು ಕಾಯಿ ಕಂಡು ಬೈದಿದ್ದೆ. ಕುಯ್ಲಿನ ಮೊದಲ ಸುತ್ತಿಗೆ ನಾವು ಫ್ಲೈ ಪಿಕಿಂಗ್ ಅನ್ನುತ್ತೇವೆ. ಅಲ್ಲೊಂದು ಇಲ್ಲೊಂದು ಹಣ್ಣಾದದ್ದನ್ನಷ್ಟೇ ಆರಿಸಬೇಕು. ಉಳಿದದ್ದಕ್ಕೆ ಮತ್ತೆ ಅದೇ ಗಿಡಕ್ಕೆ ಬರಬೇಕು. ಲಕ್ಷ್ಮಕ್ಕ ಕೈ ತೊಳೆದು ಬಂದು ನನ್ನ ಪುಟ ಇಣುಕಿದಳು.

"ಇದೇನ್ ರೈಟ್ರೇ, ಒಂದ್ ಸಾಲೂ ಬಿಟ್ಟಿಲ್ವಲ್ಲ?"

"ಎಲ್ಲಾ ಮುಖ್ಯ ಕಣಕ್ಕ."

"ನಾನ್ ನಾಕ್ ಹಸಿರ್ ಕಾಯಿ ಕಿತ್ರೆ ಸಂತೆಗ್ ಕೇಳೋ ಹಂಗ್ ಬೈತೀರ. ನೀವ್ ಕೊಂಬೆನೇ ಸವರಿ ಹಾಕಿದೀರಿ. ಬನ್ನಿ, ಚೀಲ ಸುರೀರಿ, ನಾನೂ ಒಸಿ ನೋಡ್ತೀನಿ."

ಹೆಂಗಸರೆಲ್ಲ ನಕ್ಕರು. ನಾನು ಸಿಡುಕಿ ಪುಸ್ತಕ ಮುಚ್ಚಿ ಎದ್ದುಬಿಟ್ಟೆ.

ಕೋಪ ಇಳಿದ ಮೇಲೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಹುಡುಕಿ ತಂದೆ. ಏನು ಕೇಳುತ್ತಾರೆ ಎಂದು ಮೊದಲು ನೋಡಿ, ಅದಕ್ಕೆ ಬೇಕಾದಷ್ಟನ್ನೇ ಓದಿದೆ. ಪುಸ್ತಕ ಮುಚ್ಚಿ, ತೋಟದ ದಾರಿಯಲ್ಲಿ ನನ್ನದೇ ಮಾತಿನಲ್ಲಿ ಹೇಳಿಕೊಂಡೆ. ತಡವರಿಸಿದ ಜಾಗ ಇನ್ನೂ ಹಣ್ಣಾಗಿಲ್ಲವೆಂದು ಬಿಟ್ಟು, ಮುಂದಿನ ವಾರ ಮತ್ತೆ ಅದೇ ಪುಟಕ್ಕೆ ಹೋದೆ. ಪಾಸಾದೆ. ಸಂತೆಯಲ್ಲಿ ಅದನ್ನೂ ಹೇಳಿದೆ, ಸುಳ್ಳೇಕೆ. ಲಕ್ಷ್ಮಕ್ಕನಿಗೆ ಹೇಳಿದ್ದಕ್ಕೆ, "ಹಂಗಾದ್ರೆ ಇನ್ಮೇಲೆ ನನ್ ಚೀಲ ನೋಡ್ಬೇಡಿ" ಅಂದಳು. ಈಗಲೂ ನೋಡುತ್ತೇನೆ, ಅದು ಬೇರೆ ಮಾತು.

ಈಗ ಹೊಸ ಪುಸ್ತಕ. ಕೆಂಪು ಪೆನ್ನಿನ ಮುಚ್ಚಳ ತೆಗೆದಿಲ್ಲ. ಮೊದಲ ಅಧ್ಯಾಯದಲ್ಲಿ ಕೈಗೆ ಬಂದ ಎರಡು ಮೂರು ಮಾತು ಆರಿಸಿಕೊಂಡು, ಉಳಿದದ್ದನ್ನು ಗಿಡದಲ್ಲೇ ಬಿಟ್ಟು, ಕಣದ ಹಣ್ಣು ತಿರುವಲು ಎದ್ದೆ.