ರಾಬ್ಸನ್‌ರ ಪೈಕಿ

ಮೊನ್ನೆ ಆಗಸ್ಟ್‌ನ ಒಂದು ಬೆಳಿಗ್ಗೆ ಕಾರಿನ ಗಾಜು ಇಳಿಸಿಕೊಂಡು ಅಮೆರಿಕದ ಮಿಲ್ ಕ್ರೀಕ್ ಎಂಬ ಊರನ್ನು ದಾಟುತ್ತಿದ್ದೆ. ಯಾರದೋ ಮನೆಯ ಮುಂದೆ ಸೀಡರ್ ಮರದ ತೊಗಟೆಯ ಚೂರನ್ನು ಗುಡ್ಡೆಯಾಗಿ ಸುರಿದಿದ್ದರು. ಎಳೆಬಿಸಿಲಿಗೆ ಅದರಿಂದ ಸಣ್ಣಗೆ ಹಬೆ ಏಳುತ್ತಿತ್ತು. ಒಂಚೂರು ಹುಳಿ, ಒಂಚೂರು ಹೊಗೆ, ಆಗಷ್ಟೇ ಚೂಪು ಮಾಡಿದ ಪೆನ್ಸಿಲ್‌ನ ಘಮ, ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿಯಿತು. ಇವತ್ತು ಪಿಕ್‌ನಿಕ್, ಬೇಗ ಮನೆಗೆ ಹೋಗಬೇಕು, ಆಯಿ ಮಿರ್ಚಿ ಭಜಿ ಕರಿಯಲು ಶುರು ಮಾಡಿರುತ್ತಾಳೆ ಎಂದು ಮನಸ್ಸು ಕುಣಿಯಿತು. ಆಯಿ ಎಂದರೆ ನನ್ನ ಅಪ್ಪನ ತಾಯಿ, ಗದಗಿನವಳು. ಆಕೆ ತೀರಿಕೊಂಡು ಎಷ್ಟೋ ಕಾಲವಾಯಿತು. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ, ಕ್ಯಾಲೆಂಡರ್ ನೋಡದೆ ಬಂದು ಕೈ ಹಿಡಿದೆಳೆಯುವಂಥದು.

ನಮ್ಮ ಬೀದಿಯವರೆಲ್ಲ ಹೂಪಾತಿಗಳಿಗೆ ಕಳೆ ಬಾರದಂತೆ ತೊಗಟೆ ಹಾಸುತ್ತಿದ್ದದ್ದು ಏಪ್ರಿಲ್‌ನಲ್ಲಿ. ಪಕ್ಕದ ಮನೆಯ ಮಿಸ್ ರಾಬ್ಸನ್ ಮಾತ್ರ ಆಗಸ್ಟ್‌ನಲ್ಲಿ ಹಾಸುತ್ತಿದ್ದರು, ತಮ್ಮ ಹಿತ್ತಿಲಲ್ಲಿ ನಡೆಯುವ ರಾಬ್ಸನ್‌ರ ಪಿಕ್‌ನಿಕ್‌ಗೆ ಒಂದು ವಾರ ಮುಂಚೆ. ಒಣಕಲು ದೇಹ, ಗಂಡಸರ ಅಂಗಿ, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್. ವಿಮಾನದ ಕಾರ್ಖಾನೆಯಲ್ಲಿ ನಕ್ಷೆ ಬರೆದು ನಿವೃತ್ತರಾದವರು, ಮದುವೆಯಾದವರಲ್ಲ. ಪಿಕ್‌ನಿಕ್ ಶುರು ಮಾಡಿದವರು ಅವರ ತಂದೆ ಟಾಮ್. ಹತ್ತಿರದ ಊರುಗಳಲ್ಲಿ ರಾಬ್ಸನ್ ಎಂಬ ಹೆಸರಿನವರು ಯಾರಿದ್ದರೂ ಸರಿ, ನೆಂಟರಾಗಿರಲಿ ಬಿಡಲಿ, ವರ್ಷಕ್ಕೊಮ್ಮೆ ಬಂದು ಉಂಡು ಹೋಗಬೇಕು ಎಂಬುದು ಅವರ ಆಸೆ. ಒಂದು ಕಾಲದಲ್ಲಿ ಹಿತ್ತಿಲಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲವಂತೆ. ನಾನು ಹೇಳುತ್ತಿರುವ ವರ್ಷಕ್ಕೆ ಹಿಂದಿನ ಸಲ ಬಂದವರು ಒಬ್ಬ ಗಂಡ, ಒಬ್ಬ ಹೆಂಡತಿ; ಅವರೂ ಅರಿಜೋನಕ್ಕೆ ಮನೆ ಬದಲಿಸುತ್ತೇವೆಂದು ಹೇಳಿಹೋಗಲು ಬಂದವರು.

ಮಿಸ್ ರಾಬ್ಸನ್‌ರ ಗ್ಯಾರೇಜಿನಲ್ಲಿ ಕಾರಿಗೆ ಜಾಗವೇ ಇರಲಿಲ್ಲ. ಒಂದಿಡೀ ಗೋಡೆಯ ಮೇಲೆ, ವಿಮಾನದ ರೆಕ್ಕೆಯ ನಕ್ಷೆ ಬರೆಯುವ ನೀಲಿ ಗೆರೆಗಳಲ್ಲಿ, ಅವರೇ ಬರೆದ ಹೆಸರಿನ ಮರವಿತ್ತು. ಬುಡದಲ್ಲಿ ರಾಬರ್ಟ್. ರಾಬರ್ಟನನ್ನು ಮುದ್ದಿನಿಂದ ರಾಬ್ ಎನ್ನುತ್ತಿದ್ದರು, ರಾಬ್‌ನ ಮಗ ರಾಬ್ಸನ್. ಅದೇ ರಾಬರ್ಟನನ್ನು ಇನ್ನೊಂದು ಮನೆಯವರು ರಾಬಿನ್ ಎಂದರು, ಅವನ ಮಗ ರಾಬಿನ್ಸನ್. ಮತ್ತೊಬ್ಬರು ಹಾಬ್ ಎಂದರು, ಮಗ ಹಾಬ್ಸನ್. ಡಾಬ್ ಎಂದವರ ಮಗ ಡಾಬ್ಸನ್. ಒಂದು ಹೆಸರು ಇಷ್ಟೊಂದು ಮರಿ ಹಾಕಿದ್ದು ನೋಡಿ ನನಗೆ ಎಲ್ಲಿಲ್ಲದ ಖುಷಿ. ಎದುರುಗೋಡೆಯಲ್ಲಿ ಹೆಸರುವಾಸಿ ರಾಬ್ಸನ್‌ರ ಸಾಲು: ಬಿಳಿಗೂದಲಿನ ಫುಟ್‌ಬಾಲ್ ತರಬೇತುದಾರ, ಮೀಸೆ ತಿರುವಿದ ಹಡಗಿನ ಕ್ಯಾಪ್ಟನ್, ಯಾರೋ ನಟಿ, ಯಾರೋ ಪಾರ್ಲಿಮೆಂಟಿನ ಸದಸ್ಯ. ನನಗೆ ಅವರಾರೂ ಬೇಕಿರಲಿಲ್ಲ. ನನ್ನ ಕಣ್ಣೆಲ್ಲ ಮೂಲೆಯ ಪೆನ್ಸಿಲ್ ಚಿತ್ರದ ಮೇಲೆ: ಇಂಗ್ಲೆಂಡು ಸ್ಕಾಟ್‌ಲೆಂಡುಗಳ ಗಡಿಯಲ್ಲಿ, ನೂರಾರು ವರ್ಷದ ಹಿಂದೆ, ಬೆಳದಿಂಗಳಲ್ಲಿ ಕುದುರೆ ಏರಿ ಪಕ್ಕದ ಕಣಿವೆಯ ದನ ಹೊಡೆದುಕೊಂಡು ಬರುತ್ತಿರುವ ರಾಬ್ಸನ್‌ರು. ಮಿಸ್ ರಾಬ್ಸನ್‌ಗೂ ಅವರ ಮೇಲೆಯೇ ಅಭಿಮಾನ. ನಮ್ಮವರು ಅಸಾಧ್ಯ ಕಳ್ಳರು ಎಂದು ಬಲು ಹೆಮ್ಮೆಯಿಂದ ಹೇಳುತ್ತಿದ್ದರು.

ಆ ಬೇಸಿಗೆಯಲ್ಲಿ ಆಯಿ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದಳು. ಆಗ ನನಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುತ್ತಿದ್ದೆ. ಆಯಿ ಅದನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ, ಮಾತನಾಡಿದ್ದು ರೇಡಿಯೋ ಎಂಬಂತೆ ಸುಮ್ಮನೆ ಕೂರುತ್ತಿದ್ದಳು. ಬಂದ ಮೂರನೆಯ ದಿನವೇ ಬೇಲಿಯ ಆಚೆ ನಿಂತ ಮಿಸ್ ರಾಬ್ಸನ್‌ರನ್ನು ನೋಡಿ, "ಆಕಿ ಯಾರ ಪೈಕಿ ಅಂತ ಕೇಳು," ಎಂದಳು. ಗದಗಿನಲ್ಲಿ ಹೊಸಬರು ಕಂಡರೆ ಮೊದಲು ಕೇಳುವುದು ಅದನ್ನೇ, ಯಾರ ಮಗಳು, ಯಾವ ಊರು, ಯಾರ ಪೈಕಿ. ಅಮೆರಿಕದಲ್ಲಿ ಹಾಗೆಲ್ಲ ಕೇಳಬಾರದೆಂದು ನನಗೆ ಶಾಲೆಯಲ್ಲಿ ಕಲಿಸಿದ್ದರು. ಹೆದರುತ್ತಲೇ ಕೇಳಿದೆ. ಮಿಸ್ ರಾಬ್ಸನ್ ಕೈಯಲ್ಲಿದ್ದ ಪೈಪನ್ನು ನೆಲಕ್ಕೆ ಹಾಕಿ, ನೀರು ಹರಿಯುತ್ತಿದ್ದಂತೆಯೇ, ಟಾಮ್‌ನಿಂದ ಹಿಡಿದು ದನಗಳ್ಳರವರೆಗೆ ಹೇಳುತ್ತ ಹೋದರು. ಬದುಕಿನಲ್ಲಿ ಯಾರಾದರೂ ಈ ಪ್ರಶ್ನೆ ಕೇಳಲಿ ಎಂದೇ ಕಾದು ಕುಳಿತಿದ್ದರೋ ಏನೋ. ನಾನು ತಡವರಿಸುತ್ತ ಎಲ್ಲವನ್ನೂ ಆಯಿಗೆ ಕನ್ನಡದಲ್ಲಿ ಹೇಳಬೇಕಾಯಿತು. ನಾನು ಕನ್ನಡ ಆಡಲು ಕಲಿತದ್ದು ಆ ಬೇಲಿಯ ಬಳಿ. ನಮ್ಮ ಅಡ್ಡಹೆಸರು ಮೆಣಸಿನಕಾಯಿ ಎಂದೂ, ಮುತ್ತಜ್ಜನ ಮುತ್ತಜ್ಜ ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತಿದ್ದನೆಂದೂ ಆಯಿ ಹೇಳಿದಾಗ ಮಿಸ್ ರಾಬ್ಸನ್ ಕಿವಿಯ ಪೆನ್ಸಿಲ್ ತೆಗೆದು ಅಂಗೈ ಮೇಲೆಯೇ ಬರೆದುಕೊಂಡರು. ಶಾಲೆಯಲ್ಲಿ ನಾನು ನಾಚಿಕೊಳ್ಳುತ್ತಿದ್ದ ಹೆಸರು ಅದು. ಅವತ್ತಿನಿಂದ ನಾಚಿಕೆ ಬಿಟ್ಟೆ.

ಜುಲೈ ಕೊನೆಯಲ್ಲಿ ಮಿಸ್ ರಾಬ್ಸನ್ ಪಿಕ್‌ನಿಕ್‌ನ ಕಾರ್ಡು ಅಂಚೆಗೆ ಹಾಕಿ ಬಂದರು. ಟೆಲಿಫೋನ್ ಪುಸ್ತಕದಲ್ಲಿ ಉಳಿದಿದ್ದ ರಾಬ್ಸನ್‌ರೇ ಬೆರಳೆಣಿಕೆಯಷ್ಟು ಮಂದಿ. ಈ ಸಲ ಯಾರೂ ಬರದಿದ್ದರೆ ಇದೇ ಕೊನೆ, ಮನೆ ಮಾರಿ ವೃದ್ಧರ ವಸತಿಗೆ ಹೋಗಿಬಿಡುತ್ತೇನೆ ಎಂದು ಬೇಲಿಯ ಮೇಲೆ ಕೈಯಿಟ್ಟು ಹೇಳಿದರು. ಹೆಸರಿನಲ್ಲೇ ಮಗ ಅಂತಿದೆ, ಕೊನೆಗೆ ಉಳಿದದ್ದು ಮಾತ್ರ ಒಬ್ಬ ಮಗಳು, ಎಂದು ನಕ್ಕರು. ನಾನು ಅದನ್ನು ಹೇಳಿದಾಗ ಆಯಿ ನಗಲಿಲ್ಲ.

ಅವತ್ತು ಸಂಜೆ ಊಟದ ಹೊತ್ತಿಗೆ ಆಯಿ ತೀರ್ಮಾನ ಮಾಡಿಬಿಟ್ಟಿದ್ದಳು. "ಬರೀ ಕಾಗದಾ ಹಾಕಿದ್ರ ಯಾರ ಬರತಾರ? ಮನೀ ಮಟಾ ಹೋಗಿ ಕರದ್ರ ಬರತಾರ," ಎಂದಳು. ಗದಗಿನಲ್ಲಿ ಲಗ್ನಪತ್ರಿಕೆ ಕೈಗೆ ಬಂದರೂ ಮನೆಗೆ ಬಂದು ಕುಂಕುಮ ಹಚ್ಚಿ ಕರೆಯಲಿಲ್ಲವೆಂದು ಮುನಿಸಿಕೊಂಡವರನ್ನು ಆಕೆ ಬೇಕಾದಷ್ಟು ಕಂಡಿದ್ದಳು. ರಾಬ್ಸನ್‌ರನ್ನು ಮಿಸ್ ರಾಬ್ಸನ್ ಕರೆದಾಯಿತು, ಅದು ಅವರ ಪಾಲು. ಆದರೆ ಗ್ಯಾರೇಜಿನ ಮರದಲ್ಲಿ ಕಂಡ ರಾಬಿನ್ಸನ್, ಹಾಬ್ಸನ್, ಡಾಬ್ಸನ್‌ರೆಲ್ಲ ಒಂದೇ ಬುಡದವರು, ದಾಯಾದಿಗಳನ್ನು ಬಿಟ್ಟು ಯಾರಾದರೂ ಊಟ ಹಾಕುತ್ತಾರೆಯೇ ಎಂಬುದು ಆಯಿಯ ವಾದ. ಇಂಗ್ಲೆಂಡಿನಲ್ಲಿ ರಾಬರ್ಟ್‌ಗಳು ಸಾವಿರಾರು ಮಂದಿ ಇದ್ದರು, ಇವರಿಗೂ ಅವರಿಗೂ ಸಂಬಂಧವಿಲ್ಲ ಎಂದು ಅಪ್ಪ ಬಿಡಿಸಿ ಹೇಳಿದ. ಇಲ್ಲಿ ಹೇಳದೆ ಕೇಳದೆ ಯಾರ ಬಾಗಿಲೂ ತಟ್ಟುವಂತಿಲ್ಲ, ಪೊಲೀಸರನ್ನು ಕರೆಯುತ್ತಾರೆ ಎಂದು ಹೆದರಿಸಿದ. ಆಯಿ ಅನ್ನಕ್ಕೆ ಸಾರು ಹಾಕಿಕೊಳ್ಳುತ್ತಿದ್ದಳು. ಆಗ ಅಮ್ಮ, ಮೈಸೂರಿನವಳು, ಹೊಸದಾಗಿ ಲೈಸೆನ್ಸ್ ಸಿಕ್ಕ ಹುರುಪಿನಲ್ಲಿದ್ದವಳು, ತಲೆಯೆತ್ತದೆ ಹೇಳಿದಳು: "ನಾನು ಡ್ರೈವ್ ಮಾಡ್ತೀನಿ, ನಡೀರಿ ಅತ್ತೆ."

ಆ ಎರಡು ವಾರಗಳಷ್ಟು ಸಂಭ್ರಮ ನನ್ನ ಬಾಲ್ಯದಲ್ಲಿ ಇನ್ನೊಂದಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ದಪ್ಪ ಟೆಲಿಫೋನ್ ಪುಸ್ತಕ, ಕಂಪ್ಯೂಟರಿನಿಂದ ಮುದ್ರಿಸಿದ ದಾರಿಯ ಹಾಳೆಗಳು. ಮುಂದಿನ ಸೀಟಿನಲ್ಲಿ ಇಳಕಲ್ ಸೀರೆಯ ಆಯಿ, ಮಡಿಲಲ್ಲಿ ಕುಂಕುಮದ ಭರಣಿ, ಅರಿಸಿನ ಹಚ್ಚಿದ ಅಕ್ಕಿ. ವುಡಿನ್‌ವಿಲ್‌ನ ದ್ರಾಕ್ಷಿ ತೋಟಗಳ ನಡುವೆ ದಾರಿ ತಪ್ಪಿ ಅಮ್ಮ ಬೈದುಕೊಂಡದ್ದು, ಹಾಬ್ಸನ್ ಅಕ್ಕತಂಗಿಯರು ಬಾಗಿಲು ಬಿರುಕಿನಷ್ಟೇ ತೆರೆದು, ನನ್ನ ವಿವರಣೆ ಕೇಳಿ, ಕೊನೆಗೆ ಹಣೆಯೊಡ್ಡಿದ್ದು, ಒಬ್ಬ ಡಾಬ್ಸನ್ ನಾವು ಏನೋ ಮಾರಲು ಬಂದವರೆಂದು ಒಳಗಿನಿಂದಲೇ ಬೇಡ ಬೇಡ ಎಂದು ಕೂಗಿದ್ದು, ಬೀಗ ಹಾಕಿದ ಮನೆಗಳ ಹೊಸ್ತಿಲಿಗೆ ಆಯಿ ಅಕ್ಷತೆ ಹಾಕಿ ನನ್ನಿಂದ ಚೀಟಿ ಬರೆಸಿ ಇಡಿಸಿದ್ದು! ಎವೆರೆಟ್‌ನಲ್ಲಿ ರಾಬಿನ್ಸನ್ ಎಂಬ ಕರಿಯ ಜನಾಂಗದ ಹಿರಿಯರೊಬ್ಬರು, ನಿವೃತ್ತ ಬಸ್ ಚಾಲಕರು, ನನ್ನ ಮಾತನ್ನೆಲ್ಲ ಕೇಳಿ ಬಹಳ ಹೊತ್ತು ನಕ್ಕರು. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಇದೆಲ್ಲ ಮಿಸ್ ರಾಬ್ಸನ್‌ಗೆ ತಿಳಿಯಕೂಡದೆಂದು ಆಯಿ ಕಟ್ಟಪ್ಪಣೆ ಮಾಡಿದ್ದಳು. ಬಾಯಿ ಮುಚ್ಚಿಕೊಂಡಿರಲು ನಾನು ಪಟ್ಟ ಪಾಡು ನನಗೇ ಗೊತ್ತು.

ಪಿಕ್‌ನಿಕ್‌ನ ದಿನ ಹೊಸ ತೊಗಟೆಯ ಘಮಕ್ಕೆ ಆಯಿಯ ಮಿರ್ಚಿಯ ಎಣ್ಣೆವಾಸನೆ ಬೆರೆತಿತ್ತು. ಅಡುಗೆಗೆ ಕೈಜೋಡಿಸುವ ನೆರೆಯವರೆಂದು ಮಿಸ್ ರಾಬ್ಸನ್ ನಮ್ಮನ್ನೂ ಕರೆದಿದ್ದರು, ಆಯಿ ಅವರ ಹಿತ್ತಿಲಲ್ಲೇ ಒಲೆ ಇಟ್ಟುಕೊಂಡಿದ್ದಳು. ಚುರುಮುರಿಗೆ ಈರುಳ್ಳಿ ಕಲಸಿ ಗಿರಮಿಟ್ಟು ಮಾಡಿ ದೊಡ್ಡ ಬೋಗುಣಿಗೆ ತುಂಬಿದ್ದಾಯಿತು. ಮಿಸ್ ರಾಬ್ಸನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎದೆಗೆ ರಾಬ್ಸನ್ ಎಂದು ಅಚ್ಚು ಹಾಕಿದ ಚೀಟಿ ಅಂಟಿಸಿಕೊಂಡು, ಮಿಕ್ಕ ಚೀಟಿಗಳನ್ನು ಮೇಜಿನ ಮೇಲೆ ಒಪ್ಪವಾಗಿ ಜೋಡಿಸಿ ಕುಳಿತರು. ಮಧ್ಯಾಹ್ನವಾಯಿತು. ಒಬ್ಬರೂ ಇಲ್ಲ. ಗಾಳಿಗೆ ಒಂದು ಚೀಟಿ ಹಾರಿ ಹುಲ್ಲಿನ ಮೇಲೆ ಬಿತ್ತು, ಅವರು ಎತ್ತಿಕೊಳ್ಳಲೂ ಇಲ್ಲ. ಮಡಿಸಿಡೋಣ ಎಂದು ಅವರು ಖಾಲಿ ಕುರ್ಚಿಯೊಂದಕ್ಕೆ ಕೈ ಹಾಕಿದಾಗ ನನಗೆ ಅಳುವೇ ಬಂತು. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಒಂದು ಕಾರು ಕಂಡಿತು, ಅದರ ಬೆನ್ನಿಗೇ ಇನ್ನೊಂದು. ಹಾಬ್ಸನ್ ಅಕ್ಕತಂಗಿಯರು ಕೇಕ್ ಹಿಡಿದು ಇಳಿದರು. ಬೇಡ ಬೇಡ ಎಂದು ಕೂಗಿದ್ದ ಡಾಬ್ಸನ್ ಮಕ್ಕಳುಮರಿ ಸಮೇತ ಬಂದ. ರಾಬಿನ್ಸನ್‌ರು ಹೆಂಡತಿಯ ಜೊತೆ, ಟೊಪ್ಪಿ ಕೈಯಲ್ಲಿ ಹಿಡಿದು ಗೇಟಿನ ಬಳಿ ನಿಂತರು. ಹಿತ್ತಿಲು ತುಂಬತೊಡಗಿತು. ಅಚ್ಚಿನ ಕಾರ್ಡು ತಲುಪಿದ್ದ ರಾಬ್ಸನ್‌ರ ಪೈಕಿ ಮಾತ್ರ ಒಬ್ಬರೂ ಬರಲಿಲ್ಲ.

ಮಿಸ್ ರಾಬ್ಸನ್‌ರ ಮುಖ ಕೆಂಪಾಯಿತು. ಇವರಾರನ್ನೂ ತಾನು ಕರೆದಿಲ್ಲ, ಇದು ತನ್ನ ತಂದೆಯ ಪಿಕ್‌ನಿಕ್, ಈ ಹೆಸರಿನವರಿಗೆ ಮಾತ್ರ ಎಂದು ನನ್ನ ಕಡೆ ತಿರುಗಿ ಮೆಲ್ಲನೆ ಹೇಳಿದರು. ಅದು ರಾಬಿನ್ಸನ್‌ರ ಕಿವಿಗೆ ಬಿತ್ತು. ಅವರು ಸಿಟ್ಟಾಗಲಿಲ್ಲ. ನೀವು ಹೇಳುವುದು ಸರಿ, ನಮ್ಮ ಹಿರಿಯರು ಯಾವ ರಾಬಿನ್‌ನ ಮಕ್ಕಳೂ ಅಲ್ಲ, ಅವರನ್ನು ಗುಲಾಮರಾಗಿ ಕೊಂಡುಕೊಂಡ ಒಡೆಯನ ಹೆಸರು ಅದು, ಕರೆಯಲು ಮನೆಯವರೆಗೆ ಬಂದ ಈ ಅಜ್ಜಿಗೆ ಅದನ್ನು ಹೇಳಿಹೋಗೋಣ ಎಂದೇ ಬಂದೆ ಎಂದರು. ನಾನು ಆಯಿಗೆ ಹೇಳಿದೆ, ಒಡೆಯ, ಕೊಳ್ಳುವುದು, ಎಲ್ಲವನ್ನೂ ನನಗೆ ಬಂದ ಕನ್ನಡದಲ್ಲಿ. ಆಯಿ ಎಣ್ಣೆಯಿಂದ ಮಿರ್ಚಿ ಎತ್ತುವ ಜಾರಿಯನ್ನು ತಟ್ಟೆಯ ಮೇಲಿಟ್ಟು ಕೈ ಒರೆಸಿಕೊಂಡಳು.

"ಅವರಪ್ಪನ ಹೆಸರೇನು, ಕೇಳು," ಎಂದಳು.

ಕ್ಲಾರೆನ್ಸ್, ಎಂದರು ಅವರು.

"ಹಂಗಾರ ನೀನು ಕ್ಲಾರೆನ್ಸನ ಮಗಾ. ಬಾ, ಕೂಡ್ರು, ಮಿರ್ಚಿ ಆರತಾವು."

ನಾನು ಅದನ್ನು ಇಂಗ್ಲಿಷಿಗೆ ತಂದೆ. ರಾಬಿನ್ಸನ್‌ರು ಟೊಪ್ಪಿಯನ್ನು ಕುರ್ಚಿಯ ಬೆನ್ನಿಗೆ ಸಿಕ್ಕಿಸಿ ಕುಳಿತರು, ಒಂದು ಮಿರ್ಚಿ ಬಾಯಿಗಿಟ್ಟು ಖಾರಕ್ಕೆ ಕಣ್ಣೊರೆಸಿಕೊಂಡರು. ಖಾರಕ್ಕೆ ಎಂದೇ ನಾವೆಲ್ಲ ಅಂದುಕೊಂಡೆವು. ಮಿಸ್ ರಾಬ್ಸನ್ ಮೇಜಿನ ಮೇಲಿದ್ದ ಅಚ್ಚಿನ ಚೀಟಿಗಳನ್ನೆಲ್ಲ ಮಗುಚಿ ಹಾಕಿ, ಕಿವಿಯ ಪೆನ್ಸಿಲ್ ತೆಗೆದು, ಒಂದರ ಬೆನ್ನಿನ ಮೇಲೆ ಟಾಮ್‌ನ ಮಗಳು ಎಂದು ಬರೆದು ಎದೆಗೆ ಅಂಟಿಸಿಕೊಂಡರು. ಪೆನ್ಸಿಲ್ ಕೈಯಿಂದ ಕೈಗೆ ದಾಟಿತು. ನಾನೂ ಬರೆದೆ. ಅಪ್ಪ ಹೆಸರಿಗೆ ಹೆಸರು ಜೋಡಿಸಿ ಗದಗಿನವರೆಗೆ ಹೋಗಲು ನೋಡಿದ, ಚೀಟಿ ಸಾಲಲಿಲ್ಲ. ಸಂಜೆಯ ಹೊತ್ತಿಗೆ ಗ್ಯಾರೇಜಿನ ಬಾಗಿಲು ತೆರೆದು ದನಗಳ್ಳರ ಕತೆ ಶುರುವಾಗಿತ್ತು. ಡಾಬ್ಸನ್‌ನ ಮಕ್ಕಳು ತೊಗಟೆಯ ಮೇಲೆ ಹೊರಳಾಡಿ ಮೈಯೆಲ್ಲ ಕೆಂಪು ಮಾಡಿಕೊಂಡಿದ್ದರು. ಅಷ್ಟು ಗಲಾಟೆ, ಅಷ್ಟು ನಗು ಆ ಬೀದಿಯಲ್ಲಿ ನಾನು ಮತ್ತೆ ಕೇಳಿಲ್ಲ.

ಮಿಸ್ ರಾಬ್ಸನ್ ಆ ವರ್ಷ ಮನೆ ಮಾರಲಿಲ್ಲ. ಮುಂದಿನ ಆಗಸ್ಟ್‌ನಲ್ಲೂ, ಅದರ ಮುಂದಿನ ಆಗಸ್ಟ್‌ನಲ್ಲೂ ತೊಗಟೆಯ ಲಾರಿ ಬಂತು. ಆಯಿ ಗದಗಿನಿಂದ ಫೋನಿನಲ್ಲೇ ಯಾರ್‍ಯಾರು ಬಂದರೆಂದು ವಿಚಾರಿಸುತ್ತಿದ್ದಳು, ಆಮೇಲೆ ಒಂದು ಚಳಿಗಾಲ ಆ ಫೋನೂ ನಿಂತಿತು. ಈಗ ಮಿಸ್ ರಾಬ್ಸನ್‌ರ ಹಿತ್ತಿಲಿನಲ್ಲಿ ಒಂದಕ್ಕೊಂದು ಅಂಟಿಕೊಂಡ ನಾಲ್ಕು ಮನೆಗಳಿವೆ, ಹೂಪಾತಿಗೆ ಜಾಗವೇ ಇಲ್ಲ. ನೀಲಿ ಗೆರೆಗಳ ಆ ಮರ ಎಲ್ಲಿ ಹೋಯಿತೋ ತಿಳಿಯದು. ನಾನು ಯಾರ ಪೈಕಿ ಎಂದು ನನ್ನನ್ನು ಕೇಳುವವರೂ ಇಲ್ಲ.

ಆಯಿ ತೀರಿಕೊಂಡ ಮರುವರ್ಷವೇ ಮಿಸ್ ರಾಬ್ಸನ್ ಹೋದರು. ಅಂತ್ಯಕ್ರಿಯೆಯ ದಿನ ಚರ್ಚಿನಲ್ಲಿ ಪಾದ್ರಿಗಳು, ಅವರನ್ನು ಬಲ್ಲವರಲ್ಲ, ಪ್ರಾರ್ಥನೆಗೆ ಮೊದಲು ತಲೆಯೆತ್ತಿ ರಾಬ್ಸನ್‌ರ ಮನೆಯವರು ದಯವಿಟ್ಟು ಮುಂದಿನ ಸಾಲಿಗೆ ಬರಬೇಕು ಎಂದರು. ಮುಂದಿನ ಸಾಲು ಖಾಲಿಯಿತ್ತು. ಆ ಹೆಸರಿನ ಒಂದು ಜೀವವೂ ಅಲ್ಲಿರಲಿಲ್ಲ, ನಾನು ನೆಲ ನೋಡುತ್ತ ಕುಳಿತೆ. ಬೆಂಚು ಕಿರುಗುಟ್ಟಿದ ಸದ್ದಾಯಿತು. ಕ್ಲಾರೆನ್ಸನ ಮಗ ಟೊಪ್ಪಿ ಕೈಯಲ್ಲಿ ಹಿಡಿದು ಎದ್ದು ನಡೆದರು. ಹಾಬ್ಸನ್ ಅಕ್ಕತಂಗಿಯರು ಎದ್ದರು, ಡಾಬ್ಸನ್ ಎದ್ದ, ಅಮ್ಮ ನನ್ನ ಭುಜ ಮುಟ್ಟಿ ಎಬ್ಬಿಸಿದಳು. ನಾವು ಮುಂದೆ ಹೋಗುವಷ್ಟರಲ್ಲಿ ಆ ಸಾಲು ತುಂಬಿಹೋಗಿತ್ತು, ಎರಡನೆಯ ಸಾಲಿನಲ್ಲಿ ಕುಳಿತೆವು.