ಕಂಟ್ರೋಲರ್ ಶಿವಶರಣಪ್ಪನವರು ತಡವರಿಸಿದ ದಿನ

ಶಿವಶರಣಪ್ಪನವರು ಬಿಸಿ ಚಹಾ ಕುಡಿದದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಆಳಂದ ಬಸ್ ನಿಲ್ದಾಣದಲ್ಲಿ ಅವರು ಕಂಟ್ರೋಲರ್. ಚಹಾದ ಕಪ್ಪು ತುಟಿಗೆ ಹೋಗುವಷ್ಟರಲ್ಲಿ ಕಿಟಕಿಯಲ್ಲಿ ಯಾರದೋ ಮುಖ: "ಅಫಜಲಪುರ ಗಾಡಿ ಎಲ್ಲದರಿ?" ಕಪ್ಪು ಕೆಳಗಿಟ್ಟು ಉತ್ತರ ಹೇಳುತ್ತಿದ್ದರು. ಮತ್ತೆ ಎತ್ತಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು. ಕೊನೆಗೆ ಕೆನೆಗಟ್ಟಿದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ ಮೈಕು ಹಿಡಿಯುತ್ತಿದ್ದರು.

ಮಾದನಹಿಪ್ಪರಗಾದ ಶಾಲೆಗೆ ಪಾಠ ಮಾಡಲು ಹೋಗಿಬರುವ, ಎಲ್ಲರೂ 'ಬಾಯಾರ' ಎಂದು ಕರೆಯುವ ನಾನು ಆರು ವರ್ಷ ಅವರ ಕಿಟಕಿಯ ಪಕ್ಕದ ಬೆಂಚಿನಲ್ಲೇ ಬಸ್ಸಿಗೆ ಕಾದಿದ್ದೇನೆ. ಬಸ್ಸು ಕೆಟ್ಟು ನಿಲ್ಲಲಿ, ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಮಗುಚಲಿ, ಜನ ಬೈಯುತ್ತಿದ್ದದ್ದು ಅವರನ್ನೇ. ಒಮ್ಮೆ ಒಬ್ಬ ಕಿಟಕಿಯ ಸರಳು ಹಿಡಿದು ಅವರ ತಂದೆ ತಾಯಿಯನ್ನೂ ಬಿಡದೆ ಬೈದ. ಪೂರ್ತಿ ಕೇಳಿಸಿಕೊಂಡು, "ಮುಗೀತೇನ್ರಿ? ಹತ್ತು ಮಿನಿಟಿನ್ಯಾಗ ಗಾಡಿ ಬರ್ತದ. ನೆಳ್ಳಾಗ ಕುಂದರ್ರಿ" ಎಂದರು. ಅವನು ಹೋದ ಮೇಲೆ ಮತ್ತೆ ಪೆನ್ನೆತ್ತಿ ಬಸ್ಸಿನ ಹೊತ್ತು ಬರೆಯತೊಡಗಿದರು.

"ನಿಮಗ ಸಿಟ್ಟು ಬರಲ್ಲೇನ್ರಿ?" ಎಂದೆ.

"ಬರ್ತದ್ರಿ ಬಾಯಾರ. ನುಂಗ್ತೀನಿ. ನಾನೂ ಒದರಿದ್ರ ಇಲ್ಲಿ ಕೇಳೋರು ಯಾರು?"

ಬಿಪಿ ಗುಳಗಿ ಮೇಜಿನ ಖಾನೆಯಲ್ಲೇ ಇರುತ್ತಿತ್ತು, ನೆನಪಾದ ದಿನ ನುಂಗುತ್ತಿದ್ದರು. ರಜೆ ಹಾಕಿ ಎಂದರೆ, "ಮನ್ಯಾಗ ಕುಂತ್ರೂ ಕಿವ್ಯಾಗ ಹಾರ್ನೇ ಹೊಡಿತಿರ್ತಾವ" ಎಂದು ನಗುತ್ತಿದ್ದರು. ನಿದ್ದೆ ಸರಿಯಾಗಿ ಬರುವುದಿಲ್ಲ ಎಂದೂ ಒಮ್ಮೆ ಹೇಳಿದ್ದರು. ಅಷ್ಟರಲ್ಲಿ ನನ್ನ ಬಸ್ಸು ಬಂದಿತ್ತು, ಹತ್ತಿ ಹೋದೆ.

ತೊಗರಿ ರಾಶಿಯ ದಿನಗಳು. ಒಂದು ಸೋಮವಾರ ಮುಂಜಾನೆ ನಿಲ್ದಾಣ ತುಂಬಿ ತುಳುಕುತ್ತಿತ್ತು. ಮೈಕಿನಲ್ಲಿ ಅವರ ದನಿ ಬಂತು: "ಜೇವರ್ಗಿಗೆ ಹೋಗೋ... ಜೇ... ಜೇಗ್ಗಿ..." ನಾಲಿಗೆ ತೊಡರಿತು. ಮತ್ತೆ ಹೇಳಿದರು, ಮತ್ತೂ ಕೆಟ್ಟಿತು. ಹಿಂದಿನಿಂದ ಯಾರೋ, "ಮುಂಜಾನೇನೇ ಹಾಕ್ಯಾನಲೇ ಮಗ!" ಎಂದ. ಬೆಂಚು ಬೆಂಚೇ ನಕ್ಕಿತು. ನಾನೂ ಸೆರಗು ಬಾಯಿಗೆ ಒತ್ತಿ ನಕ್ಕೆ.

ನಗದವಳು ಒಬ್ಬಳೇ, ಬಾಳೆಹಣ್ಣು ಮಾರುವ ಹಸೀನಾಬಿ. ಬುಟ್ಟಿ ಬಿಟ್ಟು ಕಿಟಕಿಗೆ ಓಡಿದಳು. "ಕುಡ್ದಿಲ್ರಿ ಅವ್ರು! ಬಾಯಿ ನೋಡ್ರಿ, ಒಂದು ಕಡಿ ಸೊಟ್ಟ ಆಗ್ಯಾದ. ಅಣ್ಣಾ, ಎರಡೂ ಕೈ ಎತ್ರಿ." ಎಡಗೈ ಎದ್ದಿತು. ಬಲಗೈ ಮೇಜಿನ ಮೇಲೇ ಬಿದ್ದಿತ್ತು.

"ಲಕ್ವಾ ಹೊಡದದ. ನಮ್ಮ ಮನಿಯವ್ರಿಗೂ ಹಿಂಗೇ ಆಗಿತ್ತು. ಮಲಗಿದ್ರ ಕಡಿಮಿ ಆಗ್ತದಂತ ಸಂಜೀತನಕ ಕಾದ್ವಿ, ಆಮ್ಯಾಲ ಅವ್ರು ಏಳ್ಲೇ ಇಲ್ಲ. ಗಾಡಿ ತರ್ರಿ, ಜಲ್ದಿ!"

ಒಬ್ಬ ಡ್ರೈವರ್ ಜೀಪು ತಂದ. ಹಸೀನಾಬಿಯೂ ನಾನೂ ಹತ್ತಿದೆವು. ಕಲಬುರಗಿ ಆಸ್ಪತ್ರೆಯ ವೈದ್ಯರು ಮೊದಲು ಕೇಳಿದ್ದು, ಇದು ಶುರುವಾಗಿ ಎಷ್ಟು ಹೊತ್ತಾಯಿತು ಎಂದು. ಅವಳು ಥಟ್ಟನೆ ಹೇಳಿದಳು: "ಒಂಬತ್ತರ ಗಾಡಿ ಹೊರಡಾಗ ಛಲೋ ಮಾತಾಡಿದ್ರು. ಅದಾದ ಮ್ಯಾಲೇರಿ." ಪಾರ್ಶ್ವವಾಯುವಿಗೆ ಔಷಧಿ ಕೊಡುವ ಹೊತ್ತು ಮೀರಿರಲಿಲ್ಲ. ಜೀವ ಉಳಿಯಿತು. ಹತೋಟಿಗೆ ಬಾರದ ಬಿಪಿ, ನಿದ್ದೆಗೇಡು, ವರ್ಷಗಟ್ಟಲೆ ಒಳಗೇ ನುಂಗಿದ ಒತ್ತಡ, ಎಲ್ಲ ಸೇರಿ ಹೀಗಾಗಿರಬಹುದು ಎಂದರು ವೈದ್ಯರು. ಆ ಎಲ್ಲವೂ ನನಗೆ ಗೊತ್ತಿದ್ದ ಸಂಗತಿಗಳೇ.

ಅವರು ಮತ್ತೆ ಕೆಲಸಕ್ಕೆ ಬರಲಿಲ್ಲ. ಜೇವರ್ಗಿಯ ಮಗಳ ಮನೆಗೆ ಹೊರಡುವ ಮುಂಚೆ ನೋಡಲು ಹೋಗಿದ್ದೆ. ಹೆಂಡತಿ ಗೋಧಿ ಹಿಟ್ಟಿನ ಉಂಡೆಯೊಂದನ್ನು ಅವರ ಬಲಗೈಗೆ ಕೊಟ್ಟಿದ್ದರು. ಬೆರಳಿಗೆ ಬಲ ಬರಲೆಂದು ಶಿವಶರಣಪ್ಪನವರು ಅದನ್ನು ಮೆಲ್ಲಗೆ ಹಿಸುಕುತ್ತಿದ್ದರು. ಮಾತು ಒಂದೊಂದೇ ಬರುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಆವತ್ತು ನಾನೂ ನಕ್ಕಿದ್ದೆರಿ."

ಹಿಸುಕುತ್ತಿದ್ದ ಕೈ ನಿಂತಿತು. "ಕೇಳಸ್ತು," ಎಂದರು. ಪದಗಳನ್ನು ಹುಡುಕಿ ಹುಡುಕಿ ಮತ್ತೆ ಅಂದರು: "ಬ್ಯಾರೆ ಯಾರರೆ... ಇದ್ದಿದ್ರ... ನಾನೂ ನಗ್ತಿದ್ದೆ... ಬಾಯಾರ."

ಅದೇ ನಾನು ಕೇಳಿದ ಅವರ ಕೊನೆಯ ಮಾತು.