ಬಿಸಿನೀರಿನ ನಳ

ನಾನು ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುವವಳು. ಯಾರಾದರೂ ದೆವ್ವ, ಗಾಳಿ ಅಂತ ಶುರು ಮಾಡಿದರೆ ಎದ್ದು ಹೋಗುವ ಪೈಕಿ. ಹಾಗಾಗಿ ಇದನ್ನು ಹೇಳುವಾಗ ನನಗೇ ಒಂಥರಾ ನಾಚಿಕೆ. ಆದರೆ ನಡೆದದ್ದನ್ನು ನಡೆದಿಲ್ಲ ಅಂತ ಹೇಗೆ ಹೇಳಲಿ? ನಾನೊಬ್ಬಳೇ ಇದ್ದಿದ್ದರೆ ಏನೋ ಭ್ರಮೆ ಅಂದುಕೊಂಡು ಬಿಟ್ಟುಬಿಡುತ್ತಿದ್ದೆ. ಆ ರಾತ್ರಿ ಅಲ್ಲಿ ಇನ್ನಿಬ್ಬರಿದ್ದರು. ಅವರೂ ಅದನ್ನು ಮರೆತಿಲ್ಲ.

ನಮ್ಮೂರು ಗದಗ ಕಡೆ. ಮದುವೆಯಾದಾಗಿನಿಂದ ಯಲಹಂಕದಲ್ಲೇ ಬಾಡಿಗೆ ಮನೆ. ನನ್ನ ಗಂಡ ಬಸವರಾಜ ಯಶವಂತಪುರದ ಹತ್ತಿರ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾರೆ. ಮಗಳು ದೊಡ್ಡವಳಾಗುತ್ತಿದ್ದಾಳೆ, ಸ್ವಂತದ್ದೊಂದು ಸೂರು ಬೇಕು ಅಂತ ಹುಡುಕುವಾಗ ಅಮೃತಹಳ್ಳಿಯಲ್ಲಿ ಒಂದು ಹಳೇ ಮನೆ ಕಣ್ಣಿಗೆ ಬಿತ್ತು. ಒಳಗಿನ ಬೀದಿ, ಮುಂದೆ ಹೊಂಗೆ ಮರ, ಗಾಳಿ ಬೆಳಕು ಚೆನ್ನಾಗಿತ್ತು. ಬಾತ್‌ರೂಮಂತೂ ಹೊಸದಾಗಿ ಮಾಡಿಸಿದ್ದು, ಫಳಫಳ ಅನ್ನುತ್ತಿತ್ತು.

ಮನೆ ಮಾರುತ್ತಿದ್ದವರು ರಮಾಕಾಂತ್ ಅಂತ. ವಯಸ್ಸು ಐವತ್ತರ ಮೇಲೆ, ಇಸ್ತ್ರಿ ಮಾಡಿದ ಶರ್ಟು, ಬೆಣ್ಣೆಯಂಥ ಮಾತು. "ಮನೆಯವಳು ಹೋದ ವರ್ಷ ಹಾರ್ಟ್ ಅಟ್ಯಾಕಲ್ಲಿ ಹೋಗ್ಬಿಟ್ಳು. ಒಬ್ನೇ ಇಲ್ಲಿರಕ್ಕಾಗ್ತಿಲ್ಲ. ಈಗ ಹೆಬ್ಬಾಳದಲ್ಲಿ ಫ್ಲ್ಯಾಟಲ್ಲಿದೀನಿ" ಅಂದಿದ್ದರು. ನನಗೆ ಅಯ್ಯೋ ಅನ್ನಿಸಿತ್ತು. ಅಡ್ವಾನ್ಸ್ ಕೊಟ್ಟು ಮುಗಿಸಿಬಿಡೋಣ ಅಂತಲೂ ಅಂದೆ.

ಬೇಡ ಅಂದವರು ಬಸವರಾಜ. "ಸೆಕೆಂಡ್ ಹ್ಯಾಂಡ್ ಸ್ಕೂಟರ್ ತೊಗೊಳ್ಳೂ ಮುಂದ ಮೆಕ್ಯಾನಿಕ್‌ಗೆ ತೋರಸ್ತೀವಿ. ಮನಿಗೆ ಬ್ಯಾಡೇನು? ಕಲಿತವರೊಬ್ಬರು ಬಂದು ನೋಡ್ಲಿ ತಡಿ."

ಹಾಗೆ ಸಿಕ್ಕವಳು ಚೈತ್ರಾ. ಸಿವಿಲ್ ಇಂಜಿನಿಯರ್. ಮನೆ ಪರೀಕ್ಷೆ ಮಾಡುವುದಕ್ಕೇ ಬೇರೆ ತರಬೇತಿ ತಗೊಂಡು, ಸರ್ಟಿಫಿಕೇಟ್ ಮಾಡಿಕೊಂಡವಳು. ಗೋಡೆಯ ಬಿಸಿ ತಂಪು ತೋರಿಸುವ ಒಂದು ಕ್ಯಾಮೆರಾ ಅವಳ ಹತ್ತಿರ ಇತ್ತು. "ಹೊತ್ತು ಮುಳುಗಿದ ಮೇಲೆ ಬರ್ತೀನಿ ಮೇಡಂ. ಬಿಸಿಲಿಗೆ ಕಾದ ಗೋಡೆ ಆರುವಾಗ ಒಳಗಿನ ತೇವ ಎಲ್ಲಾ ಚೆನ್ನಾಗಿ ಕಾಣತ್ತೆ" ಅಂದಳು.

ಅದಕ್ಕೇ ನಾವು ಆ ಮನೆಗೆ ರಾತ್ರಿ ಹೋದದ್ದು.

ಬಸವರಾಜರಿಗೆ ಸೆಕೆಂಡ್ ಶಿಫ್ಟು. ಮಗಳನ್ನು ಅವಳ ಗೆಳತಿಯ ಮನೆಯಲ್ಲಿ ಬಿಟ್ಟು ನಾನೊಬ್ಬಳೇ ಹೋದೆ. ರಮಾಕಾಂತ್ ಬಾಗಿಲು ತೆಗೆದು, ಚೈತ್ರಾಳನ್ನು ಮೇಲಿಂದ ಕೆಳಗೆ ನೋಡಿದರು.

"ಓ, ಇವ್ರೇನಾ ಇನ್ಸ್‌ಪೆಕ್ಟ್ರು? ಏನಮ್ಮಾ, ಗೋಡೆ ನಿನ್ ಹತ್ರ ಮಾತಾಡತ್ತಾ?"

ಚೈತ್ರಾ ನಕ್ಕಳು. "ಕೆಲವು ಮಾತಾಡ್ತವೆ ಸರ್" ಅಂದು ಒಳಗೆ ನಡೆದಳು.

ಹಾಲ್, ಅಡುಗೆಮನೆ, ರೂಮು... ಎಲ್ಲಾ ಕಡೆ ಮುಚ್ಚಿಟ್ಟ ಮನೆಯ ಧೂಳಿನ ವಾಸನೆ. ಬಾತ್‌ರೂಮಿನ ಕಡೆ ತಿರುಗಿದ ಕೂಡಲೇ ಅದು ಹೋಯಿತು. ಬೇರೆ ಏನೋ ಬಂತು.

ಸೀಗೆಕಾಯಿ. ಒದ್ದೆ ಕೂದಲು. ಯಾರೋ ಈಗಷ್ಟೇ ತಲೆಗೆ ಎರಕೊಂಡು, ಟವೆಲ್ ಸುತ್ತಿಕೊಂಡು ಆಚೆ ಹೋದ ಹಾಗೆ.

ಆದರೆ ಬಾತ್‌ರೂಮಿನ ನೆಲ ಒಣಗಿತ್ತು. ಬಕೆಟ್ಟಿನ ತಳದಲ್ಲಿ ಜೇಡ ಬಲೆ ಕಟ್ಟಿತ್ತು.

ಚೈತ್ರಾ ಕ್ಯಾಮೆರಾವನ್ನು ಗೋಡೆಯ ಕಡೆ ಹಿಡಿದಳು. ಪರದೆಯಲ್ಲಿ ಗೋಡೆ ಪೂರ್ತಿ ನೀಲಿ. ಬಿಸಿನೀರಿನ ನಳದ ಪಕ್ಕದ ಟೈಲ್ಸ್ ಮೇಲೆ ಮಾತ್ರ ಒಂದು ಕಿತ್ತಳೆ ಬಣ್ಣದ ಗುರುತು. ನಳ ಅಂದರೆ ನಲ್ಲಿ, ನಮ್ಮ ಕಡೆ ಹಾಗಂತೀವಿ.

"ಮೇಡಂ, ಇಲ್ಲಿ ಕೈ ಇಟ್ರಾ?"

"ಇಲ್ರಿ... ನಾ ಬಾಗಿಲದಾಗ ನಿಂತೀನಿ. ಆ ನಳಾನೂ ಮುಟ್ಟಿಲ್ಲ."

ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಐದೂ ಬೆರಳು ಸ್ಪಷ್ಟವಾಗಿತ್ತು. ಚಿಕ್ಕ ಅಂಗೈ, ಹೆಂಗಸಿನದು. ಬೀಳದೇ ಇರೋದಕ್ಕೆ ಗೋಡೆ ಒತ್ತಿ ಹಿಡಿದ ಹಾಗೆ ಬೆರಳು ಅಗಲಿಸಿಕೊಂಡಿತ್ತು. ನಾವು ನೋಡುತ್ತಿರುವಾಗಲೇ ಮೆಲ್ಲಗೆ ಮಾಸಿ, ನೀಲಿಯಲ್ಲಿ ಸೇರಿಹೋಯಿತು.

ಚೈತ್ರಾ ಬ್ಯಾಗಿನಿಂದ ಟೆಸ್ಟರ್ ತೆಗೆದು ಗೀಸರ್‌ನ ಪ್ಲಗ್ ಪಾಯಿಂಟಿಗೆ ಹಾಕಿದಳು. ಅವಳ ಹುಬ್ಬು ಗಂಟಿಕ್ಕಿತು. ಹೊರಗೆ ಹೋಗಿ ಮೇನ್ ಆಫ್ ಮಾಡಿ, ಫ್ಯೂಸುಗಳನ್ನು ಕಿತ್ತು ತಂದು ನನ್ನ ಎದುರಿಗೇ ಬ್ಯಾಗಿನಲ್ಲಿ ಹಾಕಿಕೊಂಡಳು. ಮನೆ ಪೂರ್ತಿ ಕತ್ತಲಾಯಿತು. ಯುಪಿಎಸ್ ಇರಲಿಲ್ಲ, ಜನರೇಟರ್ ಇರಲಿಲ್ಲ. ಇದನ್ನು ನಾನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂತ ಮುಂದೆ ಗೊತ್ತಾಗುತ್ತದೆ.

ಟಾರ್ಚ್ ಬೆಳಕಿನಲ್ಲಿ ಅವಳು ಪ್ಲಗ್ ಪಾಯಿಂಟಿನ ಮುಚ್ಚಳ ಬಿಚ್ಚಿದಳು.

"ನೋಡಿ ಮೇಡಂ."

ಒಳಗೆ ಹಸಿರು ವೈರು ಇತ್ತು. ಅರ್ಥಿಂಗ್ ವೈರು. ಗೀಸರ್ ಕೆಟ್ಟು ಕರೆಂಟು ಹೊರಗೆ ಸೋರಿದರೆ ಅದನ್ನು ಭೂಮಿಗೆ ಒಯ್ಯುವುದು ಇದೇ. ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಮಕ್ಕಳಿಗೆ ಹೇಳಿಕೊಡುತ್ತೇನೆ. ಇಲ್ಲಿ ಅದನ್ನು ಯಾವುದಕ್ಕೂ ಜೋಡಿಸಿರಲಿಲ್ಲ. ತುಂಡು ಮಾಡಿ, ಮಡಚಿ ಒಳಗೆ ತುರುಕಿದ್ದರು. ಮುಚ್ಚಳದ ಹಿಂದೆ ಗೋಡೆ ಕರ್ರಗೆ ಸುಟ್ಟಿತ್ತು.

ಚೈತ್ರಾಳ ದನಿ ಗಟ್ಟಿಯಾಯಿತು. "ಸರ್, ಗೀಸರ್ ಹೊಸದು, ಟೈಲ್ಸ್ ಹೊಸದು, ನಲ್ಲಿ ಹೊಸದು. ವೈರಿಂಗ್ ಮಾತ್ರ ಹಳೇದು. ಇಲ್ಲಿ ಯಾರಿಗಾದ್ರೂ ಶಾಕ್ ಹೊಡೆದಿತ್ತಾ?"

ಕತ್ತಲಲ್ಲಿ ರಮಾಕಾಂತ್ ಒಂದು ಹೆಜ್ಜೆ ಹಿಂದೆ ಸರಿದದ್ದು ಕೇಳಿಸಿತು.

"ಹಳೇ ಮನೆ ಅಂದ್ಮೇಲೆ ಇದೆಲ್ಲ ಇದ್ದಿದ್ದೇ ಕಣಮ್ಮ. ಎಲೆಕ್ಟ್ರಿಷಿಯನ್‌ನ ಕರೆಸಿದ್ರಾಯ್ತು. ಅಷ್ಟಕ್ಕೆಲ್ಲ..."

"ನಿಮ್ಮ ಮನಿಯವರು ಎಲ್ಲಿ ತೀರ್ಕೊಂಡ್ರು?" ನಾನು ಕೇಳಿದೆ.

"ಅದ್ಯಾಕೆ ಈಗ? ಹಾರ್ಟ್ ಅಟ್ಯಾಕ್ ಅಂದ್ನಲ್ಲ."

"ಎಲ್ಲಿ ಅಂತ ಕೇಳೀನ್ರಿ."

ಅವರು ಬಾತ್‌ರೂಮಿನಿಂದ ಮುಖ ತಿರುಗಿಸಿದರು. ನನಗೆ ಉತ್ತರ ಸಿಕ್ಕಿತ್ತು. ಸುಟ್ಟ ಗೋಡೆಗೆ ಹೊಸ ಟೈಲ್ಸ್ ಅಂಟಿಸಿ, ಅದೇ ವೈರನ್ನು ಹಾಗೇ ಬಿಟ್ಟು ನಮಗೆ ಮಾರಲು ಹೊರಟಿದ್ದ ಮನುಷ್ಯ. ಗೃಹಪ್ರವೇಶದ ದಿನ ಬೆಳಿಗ್ಗೆ ಆ ಬಾತ್‌ರೂಮಿಗೆ ಮೊದಲು ಹೋಗುತ್ತಿದ್ದವಳು ನನ್ನ ಮಗಳು.

ಅಷ್ಟರಲ್ಲಿ ಬಕೆಟ್ಟಿಗೆ ನೀರು ಬೀಳುವ ಸದ್ದು.

ಬಿಸಿನೀರಿನ ನಳ ತಾನಾಗಿಯೇ ತಿರುಗಿತ್ತು. ನಾನೇ ಒಳಗೆ ಹೋಗಿ ನಿಲ್ಲಿಸಿದೆ. ಬರಿಗೈಲಿ ಹಿಡಿದೇ ತಿರುಗಿಸಿದೆ, ಏನೂ ಆಗಲಿಲ್ಲ. ಆದರೆ ನನ್ನ ಬೆರಳಿಗೆ ತಗುಲಿದ ನೀರು... ಬಿಸಿ ಇತ್ತು. ತಿಂಗಳುಗಟ್ಟಲೆ ಬಂದ್ ಇದ್ದ ಗೀಸರ್‌ನಿಂದ ಹಬೆಯಾಡುವ ನೀರು.

"ಚೈತ್ರಾ, ನಡೀರಿ ಹೊರಗ" ಅಂದೆ.

ಮೂವರೂ ಹಾಲ್‌ಗೆ ಬಂದೆವು. ಚೈತ್ರಾ ಸಾಮಾನು ಜೋಡಿಸಿಕೊಳ್ಳುತ್ತಿದ್ದಳು. ರಮಾಕಾಂತ್ ಮತ್ತೆ ಬೆಣ್ಣೆ ಸವರಲು ಶುರು ಮಾಡಿದರು. "ನೋಡಿ ಮೇಡಂ, ಬೇಕಾದ್ರೆ ರೇಟಲ್ಲಿ ಅಡ್ಜಸ್ಟ್ ಮಾಡ್ಕೊಳ್ಳೋಣ..."

ಮತ್ತೆ ನೀರು ಬಿತ್ತು. ಈ ಸಲ ಜೋರಾಗಿ. ಬಕೆಟ್ ತುಂಬಿ ಚೆಲ್ಲುವ ಹಾಗೆ.

"ಥೂ, ಈ ದರಿದ್ರ ನಲ್ಲಿ" ಅನ್ನುತ್ತಾ ಅವರು ಒಳಗೆ ಹೋದರು.

ಮೊದಲು ಬಂದದ್ದು ಸದ್ದು. ಗುಂಯ್... ಅಂತ, ಟ್ರಾನ್ಸ್‌ಫಾರ್ಮರ್ ಕೆಳಗೆ ನಿಂತರೆ ಕೇಳುತ್ತದಲ್ಲ, ಹಾಗೆ. ಆಮೇಲೆ ಗಂಟಲಲ್ಲೇ ಸಿಕ್ಕಿಕೊಂಡ ಒಂದು ಕೂಗು.

ಓಡಿದೆವು. ಬಾತ್‌ರೂಮಿನ ಕತ್ತಲಲ್ಲಿ ಗೀಸರ್‌ನ ಕೆಂಪು ದೀಪ ಉರಿಯುತ್ತಿತ್ತು.

ಫ್ಯೂಸುಗಳು ಚೈತ್ರಾಳ ಬ್ಯಾಗಿನಲ್ಲಿದ್ದವು. ನಾನು ಕಣ್ಣಾರೆ ನೋಡಿದ್ದೆ. ಆ ಮನೆಯಲ್ಲಿ ಕರೆಂಟೇ ಇರಲಿಲ್ಲ. ಆದರೂ ಆ ದೀಪ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ರಮಾಕಾಂತ್ ನಳ ಹಿಡಿದುಕೊಂಡು ಅದುರುತ್ತಿದ್ದರು. ನಳವೇ ಅವರನ್ನು ಹಿಡಿದುಕೊಂಡ ಹಾಗಿತ್ತು. ಕಣ್ಣು ಮೇಲೆ ಸಿಕ್ಕಿಹಾಕಿಕೊಂಡಿತ್ತು. ಸುಟ್ಟ ಚರ್ಮದ ವಾಸನೆ.

"ಮುಟ್ಬೇಡಿ ಮೇಡಂ! ಅವ್ರನ್ನ ಮುಟ್ಬೇಡಿ!" ಚೈತ್ರಾ ಚೀರಿ, ಏನಾದರೂ ಒಣ ಕೋಲು ಸಿಗುತ್ತದಾ ಅಂತ ಓಡಿದಳು.

ಸೀಗೆಕಾಯಿಯ ವಾಸನೆ ಈಗ ನನ್ನ ಹಿಂದೆಯೇ ಬಂತು. ನನ್ನ ಕತ್ತಿನ ಮೇಲೆ ಒದ್ದೆ ಕೂದಲು ಬಿದ್ದ ಹಾಗೆ ತಣ್ಣಗಾಯಿತು...

ಆಮೇಲೆ ನನಗೆ ನೆನಪಿಲ್ಲ.

ಮತ್ತೆ ನೆನಪಿರುವುದು ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಲ್ಲಿಂದ. ಆಂಬ್ಯುಲೆನ್ಸ್ ಹೋಗಿ ಸ್ವಲ್ಪ ಹೊತ್ತಾಗಿತ್ತು. ರಮಾಕಾಂತ್ ಬದುಕಿದ್ದರು. ಹಾಲ್‌ನಲ್ಲಿದ್ದ ಒಂದು ಪ್ಲಾಸ್ಟಿಕ್ ಕುರ್ಚಿಯಿಂದ ಚೈತ್ರಾ ಅವರನ್ನು ದೂಡಿ ಬಿಡಿಸಿದ್ದಳಂತೆ. ಅವಳು ಗೇಟಿನ ಹತ್ತಿರ ನಿಂತಿದ್ದಳು, ನನ್ನಿಂದ ದೂರ. ಎದುರುಮನೆಯ ಅಜ್ಜಿ ನನ್ನ ಕೈಗೆ ನೀರಿನ ಲೋಟ ಕೊಟ್ಟು ಪಕ್ಕದಲ್ಲಿ ಕೂತರು. ಅಮೃತಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವವರು.

"ಅಲ್ಲೇ ಅಲ್ವಾ ಆಗಿದ್ದು? ಬಚ್ಚಲಲ್ಲಿ?" ಅಂತ ಪಿಸುಗುಟ್ಟಿದರು.

ನಾನು ತಲೆಯಾಡಿಸಿದೆ.

"ಅವ್ನ ಎಂಡ್ತಿ ವಸುಧಮ್ಮನೂ ಅಲ್ಲೇ ಓಗಿದ್ದು ಕಣವ್ವ. ತಲೆಗೆ ನೀರಾಕೊಳ್ಳೋವಾಗ. ನಲ್ಲಿ ಮುಟ್ಟಿದ್ರೆ ಕರೆಂಟ್ ಒಡೀತದೆ, ರಿಪೇರಿ ಮಾಡ್ಸಿ ಅಂತ ದಿನಾ ಏಳ್ತಿದ್ಲು. ಈ ಬೀದಿಗೇ ಕೇಳ್ಸೋದು. ಅವ್ನು ಏನಂತಿದ್ದ ಗೊತ್ತಾ? 'ಸ್ವಲ್ಪ ಜುಮ್ ಅನ್ನತ್ತೆ ಅಷ್ಟೇ ಕಣೇ, ಅದಕ್ಕೆಲ್ಲ ಎದ್ರುಕೋಬಾರ್ದು' ಅನ್ನೋನು. ಎಣ ಎತ್ತೋವಾಗ ಆರ್ಟ್ ಅಟ್ಯಾಕ್ ಅಂದ. ಯಾರು ಕೇಳ್ತಾರೆ?"

ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಅವ್ಳು ಬಿಡಲ್ಲ ಕಣವ್ವ. ನಂಗೊತ್ತಿತ್ತು."

ಆ ಮನೆ ಬೇಡ ಅಂತ ಮರುದಿನವೇ ಹೇಳಿಕಳಿಸಿದೆವು. ಬಿಚ್ಚಿದ ವೈರು ಮುಟ್ಟಿದೆ ಅಂತ ರಮಾಕಾಂತ್ ಆಸ್ಪತ್ರೆಯಲ್ಲಿ ಹೇಳಿದರಂತೆ. ಅವರ ಬಲಗೈ ಬೆರಳುಗಳು ನಳ ಹಿಡಿದ ಹಾಗೇ ಮಡಚಿಕೊಂಡು ನಿಂತುಬಿಟ್ಟಿವೆ, ಬಿಚ್ಚುವುದಿಲ್ಲ ಅಂತ ಸುದ್ದಿ ಬಂತು.

ಚೈತ್ರಾ ಮಾತ್ರ ನನ್ನ ಫೋನ್ ಎತ್ತುತ್ತಿರಲಿಲ್ಲ. ಕೊನೆಗೆ ಬಸವರಾಜರೇ ಅವಳಿಗೆ ಫೋನ್ ಮಾಡಿ, ಸಹಕಾರನಗರದ ಒಂದು ಹೋಟೆಲಿಗೆ ಕರೆಸಿದರು. ನಡು ಮಧ್ಯಾಹ್ನ, ಸುತ್ತ ಜನ. ಆದರೂ ಅವಳು ನನ್ನ ಎದುರಿಗೆ ಕೂರದೆ ಬಸವರಾಜರ ಎದುರಿಗೆ ಕೂತಳು.

"ಅವತ್ತು ಆಮೇಲೆ ಏನಾಯ್ತು ಹೇಳ್ರಿ" ಅಂದೆ. "ನನಗ ಖರೇನ ನೆನಪಿಲ್ಲ."

ಅವಳು ಕಾಫಿ ಲೋಟವನ್ನೇ ನೋಡುತ್ತಾ ಹೇಳಿದಳು. "ನಾನು ಕುರ್ಚಿ ತಂದೆ. ನೀವು ಬಾತ್‌ರೂಮ್ ಬಾಗಿಲಿಗೆ ಅಡ್ಡ ನಿಂತಿದ್ರಿ ಮೇಡಂ. ಎರಡೂ ಕೈ ಬಾಗಿಲ ಚೌಕಟ್ಟಿಗೆ ಕೊಟ್ಟು. ಜರುಗಿ ಅಂತ ಎಷ್ಟು ಕಿರುಚಿದ್ರೂ ಜರುಗ್ಲಿಲ್ಲ. ನಿಮ್ಮನ್ನ ತಳ್ಳೋದಕ್ಕೂ ಆಗ್ಲಿಲ್ಲ, ಗೋಡೆ ತಳ್ಳಿದ ಹಾಗಿತ್ತು. ಅವ್ರು ಅಷ್ಟು ಒದ್ದಾಡ್ತಿದ್ರೆ ನೀವು ನಿಧಾನವಾಗಿ ಮಾತಾಡ್ತಿದ್ರಿ. ಮಗುಗೆ ಸಮಾಧಾನ ಮಾಡೋ ಹಾಗೆ."

"ಏನಂತ?"

"'ನಲ್ಲಿ ಸ್ವಲ್ಪ ಜುಮ್ ಅನ್ನತ್ತೆ ಅಷ್ಟೇ ಕಣ್ರೀ. ಅದಕ್ಕೆಲ್ಲ ಹೆದರ್ಕೋಬಾರ್ದು.'"

ಬಸವರಾಜ ನನ್ನ ಮುಖ ನೋಡಿದರು. ಅಜ್ಜಿ ನನಗೆ ಆ ಮಾತು ಹೇಳಿದ್ದು ಆಮೇಲೆ. ಮೆಟ್ಟಿಲ ಮೇಲೆ.

"ನೀವು ಯಾವಾಗ್ಲೂ ನಳ ಅಂತೀರ ಮೇಡಂ" ಅಂದಳು ಚೈತ್ರಾ. "ನಿಮ್ಮ ಮಾತಲ್ಲಿ ನಿಮ್ಮೂರು ಕೇಳತ್ತೆ. ಆಗ ಮಾತಾಡಿದ್ದು ನಿಮ್ಮ ಕನ್ನಡ ಅಲ್ಲ. ದನಿ ನಿಮ್ದೇ. ಮಾತು ಬೇರೆಯವ್ರದ್ದು. ಅವ್ರಿಗೆ ಪ್ರಜ್ಞೆ ತಪ್ಪೋ ಮುಂಚೆ ನಿಮ್ಮನ್ನ ನೋಡಿ 'ವಸೂ' ಅಂದ್ರು. ಆವಾಗ್ಲೇ ನೀವು ಪಕ್ಕಕ್ಕೆ ಸರಿದಿದ್ದು."

ನಾನು ಬುದ್ಧಿಗೆ ಕೆಲಸ ಕೊಟ್ಟೆ. ಮೇನ್ ಲೈನು ಬೇರೆಲ್ಲಾದರೂ ಸೇರಿತ್ತಾ? ಪಕ್ಕದ ಮನೆಯಿಂದ ಸೋರಿತ್ತಾ? ಹಾಗಿದ್ದರೆ ಅದೇ ನಳ ಮುಟ್ಟಿದ ನನಗೆ ಯಾಕೆ ಏನೂ ಆಗಲಿಲ್ಲ? ನನ್ನ ಫಿಸಿಕ್ಸ್ ಅಲ್ಲಿಗೆ ಬಂದು ನಿಲ್ಲುತ್ತದೆ. ಇವತ್ತಿಗೂ ಅಲ್ಲೇ ನಿಂತಿದೆ.

ಚೈತ್ರಾ ಎದ್ದಳು. ಬ್ಯಾಗ್ ಹೆಗಲಿಗೆ ಹಾಕಿಕೊಂಡವಳು ಹೋಗಲಾರದೆ ನಿಂತಳು.

"ಇನ್ನೊಂದಿದೆ ಮೇಡಂ. ಹೇಳ್ಬಾರ್ದು ಅಂದ್ಕೊಂಡಿದ್ದೆ. ಆಂಬ್ಯುಲೆನ್ಸ್‌ಗೆ ಅವ್ರನ್ನ ಎತ್ತೋವಾಗ ನೀವು ಹತ್ರ ಹೋದ್ರಿ. ಬಗ್ಗಿ ಅವ್ರ ಕಿವೀಲಿ ಏನೋ ಅಂದ್ರಿ. ನಾನು ಪಕ್ಕದಲ್ಲೇ ಇದ್ದೆ, ಕೇಳಿಸ್ತು."

"ಏನಂದೆ?"

"'ಇನ್ನೊಂದು ಕೈ ಇದೆಯಲ್ಲ' ಅಂದ್ರಿ."

ಅವಳು ಹೋಗಿಬಿಟ್ಟಳು. ತಿರುಗಿ ನೋಡಲಿಲ್ಲ.

ನನಗೆ ಭಯವಾಗಬೇಕಿತ್ತು. ನಾನು ಸುಮ್ಮನೆ ಕಾಫಿ ಕುಡಿದೆ. ಲೋಟ ಕೆಳಗಿಡುವಾಗ ಬಸವರಾಜ ನನ್ನ ಮಣಿಕಟ್ಟು ಹಿಡಿದರು. ಅವರ ಕೈ ತಣ್ಣಗಿತ್ತು.

"ಶೈಲಾ... ಯಾಕ ನಗಾಕತ್ತಿ?"